ನೀರಿನ ರಿಲೇ

“ಇನ್ನೊಂದೇ ಗ್ಲಾಸು, ನನ್ನ ಬಂಗಾರ. ಇದೇ ಕೊನೇದು” ಎಂದು ಅಮ್ಮ ಬಾಟಲಿ ಬಗ್ಗಿಸಿದಳು.

“ಆಗಲೇ ಕೊನೇದು ಅಂದಿದ್ದೆ!” ಎಂದ ಗೋಲಿ.

“ಅದು ಕೊನೇದಕ್ಕಿಂತ ಮುಂಚಿನದು ಕಣೋ.”

ಗೋಲಿ ಕಿಸಕ್ಕನೆ ನಕ್ಕ. ಅಮ್ಮನೂ ನಕ್ಕಳು. ಆಸ್ಪತ್ರೆಯ ಬೆಂಚಿನ ಆ ತುದಿಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದ ಮಿಂಚು ಮಾತ್ರ ನಗಲಿಲ್ಲ. ತಾನು ಹೀಗೆ ಎದುರು ಮಾತಾಡಿದ್ದರೆ ಅಮ್ಮ ನಗುತ್ತಿದ್ದಳೇ? “ತಲೆಹರಟೆ ಸಾಕು, ಬಾಯಿ ಮುಚ್ಚಿಕೊಂಡು ಕುಡಿ” ಎನ್ನುತ್ತಿದ್ದಳು.

ಮಿಂಚು ಎನ್ನುವುದು ಅವಳಿಗೆ ಶಾಲೆಯಲ್ಲಿ ಗೆಳತಿಯರು ಇಟ್ಟ ಹೆಸರು. ಓಟದಲ್ಲಿ ಅವಳನ್ನು ಹಿಡಿಯುವವರು ಐದನೇ ಕ್ಲಾಸಿನಲ್ಲಿ ಯಾರೂ ಇಲ್ಲ. ಮನೆಯಲ್ಲಿ ಮಾತ್ರ ಅವಳಿಗೆ ಹೆಸರೇ ಇಲ್ಲ. ಆರು ವರ್ಷದ ಹಿಂದೆ ಗೋಲಿ ಹುಟ್ಟಿದ್ದೇ ಹುಟ್ಟಿದ್ದು, ಅಪ್ಪ, ಅಮ್ಮ, ಪಕ್ಕದ ಮನೆಯವರು, ಕೊನೆಗೆ ಹಾಲು ಹಾಕುವವರೂ ಅವಳನ್ನು ‘ಅಕ್ಕ’ ಎಂದೇ ಕರೆಯತೊಡಗಿದರು. ಅವನ ಕಣ್ಣುಗಳು ಗೋಲಿಯಷ್ಟು ದುಂಡಗಿವೆ ಎಂದು ಅವನಿಗೆ ಚಂದದ ಹೆಸರು ಸಿಕ್ಕಿತು. ಇವಳಿಗೆ ಬರೀ ‘ಅಕ್ಕ’.

ಇವತ್ತು ರಜೆ, ಆದರೂ ಶಾಲೆಯಲ್ಲಿ ರಿಲೇ ಟೀಮಿಗೆ ಸೆಲೆಕ್ಷನ್ ಇತ್ತು. ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಅಪ್ಪ ಬಸ್ಸಿನ ಡ್ರೈವರ್. ಬೆಳಿಗ್ಗೆ ಆರಕ್ಕೆ ಫೋನ್ ಬಂತು, ಇನ್ನೊಬ್ಬ ಡ್ರೈವರಿಗೆ ಜ್ವರವಂತೆ, ಅಪ್ಪ ಡ್ಯೂಟಿಗೆ ಹೊರಟೇಬಿಟ್ಟರು. ಇವತ್ತೇ ಗೋಲಿಯ ಸ್ಕ್ಯಾನು ಬೇರೆ. ಶಾಲೆ ಒಂದು ದಿಕ್ಕು, ಆಸ್ಪತ್ರೆ ಇನ್ನೊಂದು ದಿಕ್ಕು.

“ಸೆಲೆಕ್ಷನ್ ಮುಂದಿನ ವರ್ಷವೂ ಇರತ್ತೆ ಅಕ್ಕ, ಬೇಗ ಚಪ್ಪಲಿ ಹಾಕ್ಕೋ” ಎಂದಿದ್ದಳು ಅಮ್ಮ.

ಸ್ಕ್ಯಾನು ಮುಂದಿನ ವರ್ಷ ಇರುವುದಿಲ್ಲವೋ? ಇವನಿಗೆ ಆರು ತಿಂಗಳಿಗೊಂದು ಸ್ಕ್ಯಾನು! ಹೋದ ಸಲ ಸ್ಕ್ಯಾನು ಆದಾಗ ಅಪ್ಪ ರಜೆ ಹಾಕಿ ಬಂದಿದ್ದರು. ಸಂಜೆ ಅವನಿಗೆ ಹೊಸ ಶೂ. ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಕೆಂಪು ಲೈಟು ಪಕಪಕ ಹತ್ತುವ ಶೂ. ಇವಳ ರನ್ನಿಂಗ್ ಶೂ ಹೆಬ್ಬೆರಳ ಹತ್ತಿರ ತೂತಾಗಿ ಎರಡು ತಿಂಗಳಾಯಿತು. ಬಸ್ಸಿನಲ್ಲಿ ಕಿಟಕಿ ಸೀಟು ಅವನಿಗೆ ಮೊದಲು. ಸ್ನಾನಕ್ಕೆ ಬಿಸಿನೀರು ಅವನಿಗೆ ಮೊದಲು. ಅವನು ಲೋಟ ಒಡೆದರೆ “ಕಾಲಿಗೆ ಚುಚ್ಚಿತಾ ಕಂದ?” ಇವಳು ಒಡೆದರೆ “ಕಣ್ಣು ಎಲ್ಲಿಟ್ಟಿದ್ದೆ?” ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ, ಆ ಸುಣ್ಣದ ಕಣ್ಣು ತಾನೇ ಎಂದು ಮಿಂಚುವಿಗೆ ಯಾವತ್ತೋ ಖಾತ್ರಿಯಾಗಿತ್ತು.

ಹಾಗೆ ನೋಡಿದರೆ ಅವನಿಗೆ ಏನಾಗಿದೆ? ಕಿಡ್ನಿಯಲ್ಲಿ ಏನೋ ಊತವಂತೆ. ಜ್ವರ ಬಂದಾಗ ಮಾತ್ರ ಮಂಕಾಗಿರುತ್ತಾನೆ. ಮಿಕ್ಕ ದಿನ ಇವಳ ಪೆನ್ಸಿಲ್ ಬಾಕ್ಸು ಕದಿಯುವಷ್ಟು ಗಟ್ಟಿಮುಟ್ಟಾಗಿಯೇ ಇದ್ದಾನಲ್ಲ!

“ಅಕ್ಕ, ಇವನನ್ನ ನೋಡ್ಕೊಂಡಿರು. ನಾನು ಕೌಂಟರಿನಲ್ಲಿ ಹಳೇ ರಿಪೋರ್ಟಿನ ಫೈಲು ಕೊಟ್ಟು ಬರ್ತೀನಿ” ಎಂದು ಅಮ್ಮ ಎದ್ದಳು. “ಬಾತ್‌ರೂಮಿಗೆ ಮಾತ್ರ ಬಿಡಬೇಡ. ಮೂತ್ರದ ಚೀಲ ತುಂಬಿದ್ರೇನೇ ಸ್ಕ್ಯಾನಿನಲ್ಲಿ ಸರಿಯಾಗಿ ಕಾಣೋದು. ಗೊತ್ತಾಯ್ತಾ?”

“ಹೂಂ” ಎಂದಳು ಮಿಂಚು, ಗೋಡೆಯ ಕಡೆ ನೋಡುತ್ತಾ.

ಅಮ್ಮ ಅತ್ತ ಹೋದದ್ದೇ ತಡ, ಗೋಲಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದ. ಆಮೇಲೆ ಆ ಕಾಲು ತೆಗೆದು ಈ ಕಾಲು ಹಾಕಿದ. ಎದ್ದು ನಿಂತು ಕುಣಿದ. ಶೂಗಳ ಕೆಂಪು ಲೈಟು ಪಕಪಕ ಎಂದಿತು.

“ಅಕ್ಕಾ, ಒಂದಕ್ಕೆ ಬಂತು.”

“ತಡ್ಕೋ.”

“ತಡೆಯೋಕಾಗ್ತಿಲ್ಲ ಅಕ್ಕಾ. ಚೂರೇ ಚೂರು ಹೋಗಿಬರ್ಲಾ?”

ಮಿಂಚು ಗಡಿಯಾರ ನೋಡಿದಳು. ಹತ್ತೂ ಮುಕ್ಕಾಲು. ಶಾಲೆಯ ಮೈದಾನದಲ್ಲಿ ಪಿ.ಟಿ. ಸರ್ ಈಗ ಸೀಟಿ ಊದುತ್ತಿರುತ್ತಾರೆ. ಹೋದ ವಾರ ಇವಳಿಗಿಂತ ನಾಲ್ಕು ಹೆಜ್ಜೆ ಹಿಂದಿದ್ದ ಎರಡು ಜಡೆಯ ಹುಡುಗಿ ಇವತ್ತು ಎಲ್ಲರಿಗಿಂತ ಮುಂದೆ ಓಡುತ್ತಿರುತ್ತಾಳೆ. ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಈ ಗೋಲಿಗೆ ಒಂದೇ ಒಂದು ದಿನ, ಇವತ್ತೊಂದು ದಿನವಾದರೂ ಅಮ್ಮನಿಂದ ಸರಿಯಾಗಿ ಬೈಗುಳ ಬೀಳಬೇಕು. ಆ ದುಂಡು ಕಣ್ಣು ಪಿಳಿಪಿಳಿ ಬಿಡುವುದನ್ನು ತಾನು ಪಕ್ಕದಲ್ಲಿ ನಿಂತು ನೋಡಬೇಕು.

“ಹೋಗು. ಏನೂ ಆಗಲ್ಲ” ಎಂದಳು.

“ಅಮ್ಮ ಬೇಡ ಅಂದ್ಲಲ್ಲ?”

“ನಾನು ಹೇಳ್ತಿದ್ದೀನಲ್ಲ. ಬಾ.”

ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ಬಾತ್‌ರೂಮು. ಬಾಗಿಲ ಮೇಲೆ ‘ಚಿಲಕ ಕೆಟ್ಟಿದೆ. ಹೊರಗೆ ಒಬ್ಬರು ಹಿಡಿದುಕೊಳ್ಳಿ’ ಎಂದು ಚೀಟಿ ಅಂಟಿಸಿದ್ದರು. ಮಿಂಚು ಬಾಗಿಲು ಎಳೆದು ಹಿಡಿದುಕೊಂಡು ನಿಂತಳು.

“ಆಯ್ತಾ?”

“ಅಬ್ಬಾ! ಆಯ್ತು” ಎಂದು ಗೋಲಿ ಹೊರಬಂದ. ಅವನ ಮುಖದಲ್ಲಿ ಅದೇನು ನೆಮ್ಮದಿ! “ಥ್ಯಾಂಕ್ಸ್ ಅಕ್ಕಾ” ಎಂದು ಅವಳ ಕೈಯನ್ನೂ ಹಿಡಿದುಕೊಂಡ. ಮಿಂಚು ಕೈ ಬಿಡಿಸಿಕೊಂಡಳು.

ಅವರು ಬಂದು ಕುಳಿತ ಮೇಲೆ ಅಮ್ಮ ಬಂದಳು. ಐದು ನಿಮಿಷಕ್ಕೆ ಸ್ಕ್ಯಾನ್ ರೂಮಿನ ಬಾಗಿಲು ತೆರೆದು ಟೋಕನ್ ಕೂಗುವ ಆಂಟಿ ಹೊರಗೆ ಬಂದರು. ಅವರಿಗೆ ಮೈಕಿನ ಅಗತ್ಯವೇ ಇರಲಿಲ್ಲ. ಗೋಲಿ ಹೋದ ಸಲವೇ ಅವರಿಗೆ ಲೌಡ್‌ಸ್ಪೀಕರ್ ಆಂಟಿ ಎಂದು ಹೆಸರಿಟ್ಟಿದ್ದ.

“ಟೋಕನ್ ಇಪ್ಪತ್ಮೂರು! ಏನು ಮರಿ, ನೀರು ಕುಡಿದಿದ್ದೀಯಾ? ಒಂದಕ್ಕೆ ಅವಸರ ಇದೆಯಾ?”

“ಇಲ್ಲ ಆಂಟಿ” ಎಂದ ಗೋಲಿ ಬಲು ಹೆಮ್ಮೆಯಿಂದ. “ಈಗಷ್ಟೇ ಹೋಗಿಬಂದೆ!”

ಬೆಂಚುಗಳ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಮ್ಮನ ಮುಖ ಮಾತ್ರ ಸಣ್ಣಗಾಯಿತು.

“ಅಯ್ಯೋ! ಯಾರೋ ಕರ್ಕೊಂಡು ಹೋಗಿದ್ದು?”

ಗೋಲಿ ಒಮ್ಮೆ ಅಕ್ಕನ ಕಡೆ ನೋಡಿದ. “ಯಾರೂ ಇಲ್ಲ. ನಾನೇ ಹೋದೆ.”

“ಆ ಬಾಗಿಲಿಗೆ ಚಿಲಕವೇ ಇಲ್ಲ. ಯಾರು ಹಿಡ್ಕೊಂಡಿದ್ರಂತೆ?” ಎಂದರು ಲೌಡ್‌ಸ್ಪೀಕರ್ ಆಂಟಿ, ಮಿಂಚುವಿನ ಕಡೆ ನೋಡುತ್ತಾ.

“ಯಾರೂ ಹಿಡ್ಕೊಂಡಿರ್ಲಿಲ್ಲ” ಎಂದ ಗೋಲಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಿಂಚುವಿನ ಎರಡೂ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಈಗ ಬೀಳುತ್ತೆ ಬೈಗುಳ, ಈಗ ಬೀಳುತ್ತೆ ಎಂದು ಕಾದಳು. ಬೀಳಲೇ ಇಲ್ಲ. ಅಮ್ಮ ಸುಮ್ಮನೆ ಬೆಂಚಿನ ಮೇಲೆ ಕುಳಿತುಬಿಟ್ಟಳು.

“ಈಗೇನು ಮಾಡೋದು?” ಎಂದು ಮೆಲ್ಲಗೆ ಕೇಳಿದಳು.

“ಮತ್ತೆ ಕುಡಿಸಿ. ಕೊನೆಯಲ್ಲಿ ಕರೀತೀನಿ. ಆದ್ರೆ ಡಾಕ್ಟ್ರು ಒಂದು ಗಂಟೆಗೆ ಹೊರಡ್ತಾರೆ ನೋಡಿ. ಅಷ್ಟರೊಳಗೆ ಚೀಲ ತುಂಬದಿದ್ರೆ ಇನ್ನು ಮುಂದಿನ ತಿಂಗಳೇ” ಎಂದು ಆಂಟಿ ಇಪ್ಪತ್ನಾಲ್ಕನ್ನು ಕೂಗಿದರು.

ಅಮ್ಮ ಬಾಟಲಿ ತುಂಬಿಸಿಕೊಂಡು ಬಂದಳು. ಗೋಲಿ ಎರಡು ಗುಟುಕು ಕುಡಿದು ಬಾಯಿ ಮುಚ್ಚಿಕೊಂಡ. “ಬೇಡ. ವಾಂತಿ ಬರತ್ತೆ” ಎಂದು ಅಳತೊಡಗಿದ. ಮುದ್ದು ಮಾಡಿದ್ದಾಯಿತು, ಕತೆ ಹೇಳಿದ್ದಾಯಿತು. ಬಾಯಿಗೆ ಬೀಗ ಹಾಕಿದವನು ತೆರೆಯಲೊಲ್ಲ. ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಅಮ್ಮ ಎದ್ದು ಕಿಟಕಿಯ ಹತ್ತಿರ ಹೋದಳು. ಮೆತ್ತಗೆ ಮಾತಾಡಿದಳು, ಆದರೆ ಬೆಂಚುಗಳು ಈಗ ಅರ್ಧ ಖಾಲಿಯಾಗಿದ್ದವು, ಮಾತೆಲ್ಲ ಕೇಳಿಸುತ್ತಿತ್ತು.

“ಇನ್ನೂ ಆಗಿಲ್ಲ ರೀ... ಸೋಮವಾರ ಕಿಡ್ನಿ ಡಾಕ್ಟ್ರಿಗೆ ರಿಪೋರ್ಟ್ ತೋರಿಸ್ಲೇಬೇಕು... ಊತ ಜಾಸ್ತಿಯಾಗಿದ್ರೆ ಆಪರೇಷನ್ನೇ ಅಂದಿದ್ದಾರಲ್ಲ... ಒಂದು ತಿಂಗಳು ಹೇಗೆ ಕಾಯೋದು ರೀ? ರಾತ್ರಿಯೆಲ್ಲ ನಿದ್ದೆಯೇ ಬರ್ಲಿಲ್ಲ ನಂಗೆ...”

ಆಪರೇಷನ್! ಮಿಂಚುವಿಗೆ ಇದನ್ನು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಅಮ್ಮನ ಕಣ್ಣು ಕೆಂಪಗಿದ್ದದ್ದನ್ನು ಅವಳು ನೋಡಿದ್ದಳು. ಗೋಲಿ ರಾತ್ರಿ ಹಟ ಮಾಡಿರಬೇಕು, ಅವನದು ಯಾವಾಗಲೂ ಇದ್ದದ್ದೇ ಅಂದುಕೊಂಡು ಸುಮ್ಮನಾಗಿದ್ದಳು.

ಗೋಲಿ ಬಿಕ್ಕುತ್ತಾ ಬೆಂಚಿನ ಮೇಲೆ ಮಲಗಿದ್ದ. ಗಡಿಯಾರದಲ್ಲಿ ಹನ್ನೊಂದೂವರೆ.

ಮಿಂಚು ಅವನ ಪಕ್ಕಕ್ಕೆ ಸರಿದಳು. “ಏಯ್ ಗೋಲಿ, ರಿಲೇ ಆಡೋಣ್ವಾ?”

“ಇಲ್ಲಿ ಓಡೋಕೆ ಬಿಡಲ್ಲ.”

“ಇದು ಓಡೋ ರಿಲೇ ಅಲ್ಲ, ಕುಡಿಯೋ ರಿಲೇ. ಈ ಗ್ಲಾಸೇ ಕೈಯಿಂದ ಕೈಗೆ ಕೊಡೋ ಬೇಟನ್ನು. ನಾನೊಂದು ಗುಟುಕು, ನೀನೊಂದು ಗುಟುಕು. ಬೇಟನ್ ಕೆಳಗೆ ಬೀಳಬಾರದು, ಒಂದು ಹನಿಯೂ ಚೆಲ್ಲಬಾರದು. ಚೆಲ್ಲಿದ್ರೆ ಔಟು!”

“ಯಾರ ಮೇಲೆ ರೇಸು?”

ಮಿಂಚು ಯೋಚಿಸಿದಳು. “ಎರಡು ಜಡೆಯ ಹುಡುಗಿ ಮೇಲೆ.”

“ಅವಳೆಲ್ಲಿದ್ದಾಳೆ?”

“ಅಲ್ಲಿ ಎಲ್ಲೋ ಓಡ್ತಿದ್ದಾಳೆ ಬಿಡು. ಆನ್ ಯುವರ್ ಮಾರ್ಕ್!”

ಗೋಲಿ ಕಣ್ಣೊರೆಸಿಕೊಂಡು ಎದ್ದು ಕುಳಿತ. ಗ್ಲಾಸು ಅತ್ತಿಂದಿತ್ತ ಓಡತೊಡಗಿತು. ಮಿಂಚು ಕಳ್ಳಾಟ ಆಡಬಹುದಿತ್ತು, ತುಟಿಗೆ ತಾಗಿಸಿ ಕೊಟ್ಟುಬಿಡಬಹುದಿತ್ತು. ಆದರೆ ಗೋಲಿ ಅವಳ ಗಂಟಲನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. “ಅಕ್ಕಾ, ನುಂಗಿದ್ದು ಕಾಣಿಸ್ಲಿಲ್ಲ. ಇನ್ನೊಂದ್ಸಲ!” ಎನ್ನುತ್ತಿದ್ದ. ಹೀಗೆ ಬಾಟಲಿ ಒಮ್ಮೆ ಖಾಲಿಯಾಯಿತು. ಅಮ್ಮ ಮತ್ತೆ ತುಂಬಿಸಿಕೊಂಡು ಬಂದಳು. ಎರಡನೇ ಸಲವೂ ಅದು ಖಾಲಿಯಾಗುತ್ತಾ ಬಂತು. ಹನ್ನೆರಡೂವರೆಗೆ ಅಕ್ಕ ತಮ್ಮ ಇಬ್ಬರೂ ಕಾಲಿನ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದರು.

“ಟೋಕನ್ ಇಪ್ಪತ್ಮೂರು! ಈಗ ಅವಸರ ಇದೆಯಾ?”

“ಇದೆ ಇದೆ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಸ್ಕ್ಯಾನ್ ರೂಮಿನಲ್ಲಿ ಅರೆಗತ್ತಲು, ತಣ್ಣನೆ ಎ.ಸಿ. ಡಾಕ್ಟರ್ ಚಕ್ರದ ಸ್ಟೂಲಿನ ಮೇಲೆ ಕುಳಿತಿದ್ದರು. ನರೆಗೂದಲು, ಕನ್ನಡಕ. ಪಕ್ಕದಲ್ಲಿ ಟೀವಿಯಂಥ ಪರದೆ.

“ಬಾರಪ್ಪ ಹೀರೋ, ಮಲಕ್ಕೋ.”

ಹೀರೋ ಅಮ್ಮನ ಚೂಡಿದಾರದ ಹಿಂದೆ ಅವಿತುಕೊಂಡ. “ಇವತ್ತು ಹೊಟ್ಟೆ ಕೊಯ್ತಾರಾ?” ಎಂದ ಸಣ್ಣ ದನಿಯಲ್ಲಿ. ಫೋನಿನ ಮಾತು ಅವನ ಕಿವಿಗೂ ಬಿದ್ದಿತ್ತು.

“ಕೊಯ್ಯೋಕೆ ನನ್ನ ಹತ್ರ ಚಾಕೂನೂ ಇಲ್ಲ, ಕತ್ತರಿನೂ ಇಲ್ಲ. ಬೇಕಾದ್ರೆ ಟೇಬಲ್ಲಿನ ಕೆಳಗೆ ಹುಡುಕು” ಎಂದರು ಡಾಕ್ಟರ್. ಅವನು ನಿಜಕ್ಕೂ ಬಗ್ಗಿ ಹುಡುಕಿದ. ಆದರೂ ಮಲಗಲಿಲ್ಲ.

“ಸರಿ, ಇದು ನೋವಾಗತ್ತಾ ಇಲ್ವಾ ಅಂತ ಮೊದಲು ನಿಮ್ಮಕ್ಕ ನೋಡಿ ಹೇಳ್ಲಿ. ಏನಮ್ಮ ಅಕ್ಕ, ಎರಡು ನಿಮಿಷ ಮಲಕ್ಕೋತೀಯಾ?”

ಅಮ್ಮ ಹೂಂ ಎಂದು ತಲೆಯಾಡಿಸಿದಳು. ಮಿಂಚುವಿಗೆ ನಂಬಲಾಗಲಿಲ್ಲ. ಮೊದಲು ತಾನು! ಅವಳು ಟಣ್ಣನೆ ಹಾರಿ ಹಾಸಿಗೆ ಹತ್ತಿದಳು. ಹೊಟ್ಟೆಗೆ ಹಚ್ಚಿದ ಜೆಲ್ಲು ಕೊರೆಯುವಷ್ಟು ತಂಪಾಗಿತ್ತು. ಡಾಕ್ಟರ್ ಸೋಪಿನಷ್ಟು ದೊಡ್ಡ ಒಂದು ಸಾಧನವನ್ನು ಅದರ ಮೇಲೆ ಜಾರಿಸಿದರು. ನೋವು ಗೀವು ಏನೂ ಇಲ್ಲ, ಬರೀ ಕಚಗುಳಿ. ಅಮ್ಮ, ಡಾಕ್ಟರ್, ಗೋಲಿ ಎಲ್ಲರೂ ತನ್ನನ್ನೇ ಸುತ್ತಿಕೊಂಡಿದ್ದಾರೆ. ಹೀಗೇ ಒಂದು ಗಂಟೆ ಮಲಗಿರಬಹುದು ಅನ್ನಿಸಿತು ಅವಳಿಗೆ, ಒಂದಕ್ಕೆ ಅವಸರ ಇಲ್ಲದಿದ್ದರೆ.

“ಇಲ್ಲಿ ಕಪ್ಪಗೆ ಬಲೂನಿನ ಹಾಗಿದೆಯಲ್ಲ, ಅದು ನೀನು ಕುಡಿದ ನೀರು. ಟ್ಯಾಂಕ್ ಫುಲ್ಲು! ಇದು ಬಲಗಡೆ ಕಿಡ್ನಿ. ಗೋಡಂಬಿ ಥರ ಇದೆ, ಕಾಣ್ತಾ? ಇದು ಎಡಗಡೇದು. ಎರಡೂ ಮುದ್ದಾಗಿವೆ, ಒಂದೇ ಅಳತೆ.”

ಮಿಂಚು ಹೆಮ್ಮೆಯಿಂದ ಅಮ್ಮನ ಕಡೆ ತಿರುಗಿದಳು. ಅಮ್ಮ ಅವಳನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದಳು. ಆ ನೋಟ ಮಿಂಚುವಿಗೆ ಚೆನ್ನಾಗಿ ಗೊತ್ತಿತ್ತು. ಶೂ ಅಂಗಡಿಯ ಗಾಜಿನ ಮುಂದೆ ನಿಂತಾಗ ತಾನೂ ಹಾಗೇ ನೋಡುತ್ತಿದ್ದಳು.

“ಅಕ್ಕಂದು ಎರಡೂ ಚೆನ್ನಾಗಿದೆಯಾ?” ಎಂದ ಗೋಲಿ.

“ಹೂಂ ಮರಿ.”

ಗೋಲಿ ತುಟಿ ಉಬ್ಬಿಸಿದ. “ಯಾವಾಗ್ಲೂ ಅಕ್ಕಂಗೇ ಒಳ್ಳೇದು.”

ಮಿಂಚುವಿಗೆ ಯಾರೋ ತನ್ನದೇ ಮಾತನ್ನು ಕದ್ದು ಆಡಿದ ಹಾಗಾಯಿತು. ಅವಳು ಹೊಟ್ಟೆ ಒರೆಸಿಕೊಂಡು ಕೆಳಗಿಳಿದಳು. ಗೋಲಿ ಹತ್ತಿ ಮಲಗಿದ. ಅವಳ ಕೈ ಮಾತ್ರ ಬಿಡಲಿಲ್ಲ.

ಅವನ ಬಲಗಡೆಯ ಗೋಡಂಬಿ ಅವಳದರ ಹಾಗೇ ಇತ್ತು, ಇನ್ನೂ ಪುಟ್ಟದು. ಡಾಕ್ಟರ್ ಎಡಕ್ಕೆ ಸರಿದರು. ಅಲ್ಲಿ ಗೋಡಂಬಿಯೇ ಇಲ್ಲ. ದಪ್ಪಗೆ ಊದಿದ ಏನೋ, ಅದರ ನಡುವೆ ಕಪ್ಪು ಹೊಂಡ. ಹೇಳಿಕೊಡದಿದ್ದರೂ ಯಾರಿಗಾದರೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಡಾಕ್ಟರ್ ಹೊಂಡದ ಈ ದಡದಿಂದ ಆ ದಡಕ್ಕೆ ಚುಕ್ಕಿ ಗೆರೆ ಎಳೆದು ಅಳೆದರು. ಅಮ್ಮ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಡಾಕ್ಟ್ರೇ, ಜಾಸ್ತಿಯಾಗಿದೆಯಾ?”

“ಇರಿ ಅಮ್ಮ, ಈಗಲೇ ಹೇಳೋಕಾಗಲ್ಲ. ಇಲ್ಲಿಂದ ಕೆಳಕ್ಕೆ ಇಳಿಯೋ ದಾರಿ ಇಕ್ಕಟ್ಟಾಗಿದೆ, ಅದಕ್ಕೇ ಮೂತ್ರ ಅಲ್ಲೇ ನಿಂತ್ಕೊಂಡಿದೆ. ಈಗ ಇವನನ್ನ ಬಾತ್‌ರೂಮಿಗೆ ಕಳಿಸಿ. ಹೋಗಿಬಂದ ಮೇಲೆ ಎಷ್ಟು ಇಳಿಯತ್ತೆ ನೋಡೋಣ. ಬೇಗ, ಟೈಮಾಯ್ತು ನಂಗೆ.”

ಇಬ್ಬರೂ ಕಾರಿಡಾರಿನಲ್ಲಿ ಓಡಿದರು. ಬಾತ್‌ರೂಮು ಇದ್ದದ್ದು ಒಂದೇ. ಇಬ್ಬರೂ ಬಾಗಿಲ ಮುಂದೆ ನಿಂತು ಕುಣಿಯುತ್ತಿದ್ದರು. ಮಿಂಚು ಎರಡು ಹೆಜ್ಜೆ ಮುಂದೆಯೇ ಇದ್ದಳು, ಎಷ್ಟೆಂದರೂ ಅವಳು ಮಿಂಚು. ಕೈ ಬಾಗಿಲ ಮೇಲೂ ಬಿದ್ದಿತ್ತು.

“ನೀನು ಮೊದಲು ಹೋಗು” ಎಂದಳು.

ಗೋಲಿ ಒಳಗೆ ನುಗ್ಗಿದ. ಅವಳು ಹಲ್ಲು ಕಚ್ಚಿ ಬಾಗಿಲು ಎಳೆದು ಹಿಡಿದಳು. ಒಳಗಿನ ಸದ್ದು ಕೇಳಿ ಅವಳ ಪ್ರಾಣವೇ ಹೋದಂತಾಯಿತು.

“ಗೋಲಿ, ಬೆಳಿಗ್ಗೆ ನಾನೇ ಕಳಿಸಿದ್ದು ಅಂತ ಅಮ್ಮಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಂಗೆ ಬೈತಿದ್ಲು.”

“ಈಗ ನಿಂಗೆ ಬೈದಿದ್ರೆ?”

“ನಂಗ್ಯಾರು ಬೈತಾರೆ? ನಂಗೆ ಹುಷಾರಿಲ್ವಲ್ಲ” ಎಂದಿತು ಒಳಗಿನ ದನಿ. ಆಮೇಲೆ, “ಸ್ಕೂಲಲ್ಲೂ ಯಾರೂ ಬೈಯಲ್ಲ. ಆಟಕ್ಕೂ ಸೇರಿಸ್ಕೊಳ್ಳಲ್ಲ. ನೀನೇ ಇವತ್ತು ಸೇರಿಸ್ಕೊಂಡಿದ್ದು.”

ಮಿಂಚು ಬಾಗಿಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಅವನು ಹೊರಬರುವುದಕ್ಕೂ “ಇಪ್ಪತ್ಮೂರು! ಬೇಗ!” ಎಂಬ ಕೂಗು ಕಾರಿಡಾರಿನ ಆ ತುದಿಯಿಂದ ಬರುವುದಕ್ಕೂ ಸರಿಹೋಯಿತು. ಇವಳು ಒಳಗೆ ಹೋಗಬೇಕು, ಗೋಲಿ ಕೈ ಬಿಡಬೇಕಲ್ಲ! “ನೀನೂ ಬಾ ಅಕ್ಕಾ. ನೀನಿಲ್ದೆ ನಾನು ಮಲಗಲ್ಲ.”

ಬಾಗಿಲು ಇಲ್ಲೇ ಇದೆ. ಎರಡೇ ನಿಮಿಷದ ಕೆಲಸ. ಮಿಂಚು ಒಮ್ಮೆ ಬಾಗಿಲನ್ನು ನೋಡಿದಳು, ಒಮ್ಮೆ ಆ ದುಂಡು ಕಣ್ಣುಗಳನ್ನು ನೋಡಿದಳು. “ನಡಿ” ಎಂದಳು.

ಅವಳು ಕಾಲು ಹೆಣೆದುಕೊಂಡು, ಉಸಿರು ಬಿಗಿಹಿಡಿದು, ಅವನ ಕೈ ಹಿಡಿದು ನಿಂತಳು. ಪರದೆಯ ಮೇಲೆ ಕಪ್ಪು ಹೊಂಡ ಮತ್ತೆ ಬಂತು. ಡಾಕ್ಟರ್ ಗೆರೆ ಎಳೆದರು. ಹಳೆಯ ರಿಪೋರ್ಟು ತೆಗೆದು ನೋಡಿದರು. ಮತ್ತೊಮ್ಮೆ ಅಳೆದರು. ಇಳಿ, ಇಳಿ, ಇಳಿ ಎಂದು ಮಿಂಚು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಫಿನಿಷಿಂಗ್ ಲೈನಿನ ಹತ್ತಿರ ತನಗಾಗಿಯೂ ಅವಳು ಹಾಗೆ ಕೇಳಿಕೊಂಡಿರಲಿಲ್ಲ.

“ಇಳಿದಿದೆ ಅಮ್ಮ” ಎಂದರು ಡಾಕ್ಟರ್. “ಪೂರ್ತಿ ಹೋಗಿಲ್ಲ. ಆದ್ರೆ ಹೋದ ಸಲಕ್ಕಿಂತ ಜಾಸ್ತಿಯಂತೂ ಆಗಿಲ್ಲ, ಒಂದು ಕೂದಲೆಳೆ ಕಡಿಮೆಯೇ ಇದೆ. ಆಪರೇಷನ್ ಬೇಕೋ ಬೇಡವೋ ನಿಮ್ಮ ಕಿಡ್ನಿ ಡಾಕ್ಟ್ರು ಹೇಳ್ತಾರೆ. ನನ್ನ ಕೇಳಿದ್ರೆ, ಇವತ್ತು ಧೈರ್ಯವಾಗಿ ಊಟ ಮಾಡಿ ಮಲಗಿ.”

ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಕೆನ್ನೆಯ ಮೇಲೆ ನೀರಿಳಿಯಿತು. ಆಮೇಲೆ ಕಣ್ಣು ಬಿಟ್ಟು, “ಅಕ್ಕ, ನೀನು ನೀರು ಕುಡಿಸದೆ ಇದ್ದಿದ್ರೆ...” ಎಂದು ಏನೋ ಹೇಳಹೊರಟಳು.

“ಬೆಳಿಗ್ಗೆ ಅವನನ್ನ ಬಾತ್‌ರೂಮಿಗೆ ಕಳಿಸಿದ್ದೂ ನಾನೇ ಅಮ್ಮಾ! ಬೇಕಂತಲೇ ಕಳಿಸ್ದೆ! ಆಮೇಲೆ ಬೈಯಮ್ಮ, ಎಷ್ಟು ಬೇಕಾದ್ರೂ ಬೈ, ಈಗ ಬಿಡು!”

ಮಿಂಚು ಓಡಿದಳು. ಪಿ.ಟಿ. ಸರ್ ಆ ಓಟ ನೋಡಿದ್ದರೆ ಅವಳನ್ನೊಬ್ಬಳನ್ನೇ ನಾಲ್ಕು ಸಲ ಸೆಲೆಕ್ಟ್ ಮಾಡುತ್ತಿದ್ದರು.

ಒಳಗೆ ಹೋದ ಮೇಲೆ ನೆನಪಾಯಿತು, ಬಾಗಿಲಿಗೆ ಚಿಲಕವಿಲ್ಲ. ಅಷ್ಟರಲ್ಲಿ ಹೊರಗಿನಿಂದ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡಿತು. ಕೆಳಗಿನ ಸಂದಿಯಲ್ಲಿ ಕೆಂಪು ಲೈಟು ಪಕಪಕ ಎಂದು ನಿಂತಿತು.

“ಸ್ವಲ್ಪ ಜಾಗ ಬಿಡು ಮರಿ, ನಾನು ಹೋಗ್ಬೇಕು” ಎಂದು ಯಾರೋ ಕೇಳುತ್ತಿದ್ದರು.

“ಒಳಗೆ ನಮ್ಮಕ್ಕ ಇದ್ದಾಳೆ” ಎಂದ ಗೋಲಿ, ಲೌಡ್‌ಸ್ಪೀಕರ್ ಆಂಟಿಗಿಂತ ಜೋರಾಗಿ. “ಮೊದಲು ಅಕ್ಕ. ಆಮೇಲೆ ನೀವು.”

‘ಅಕ್ಕ’ ಎಂಬುದು ಕೇಳುವುದಕ್ಕೆ ಅಷ್ಟೇನೂ ಕೆಟ್ಟ ಹೆಸರಲ್ಲ ಎಂದು ಮಿಂಚುವಿಗೆ ಆಗ ಅನ್ನಿಸಿತು.

“ಅಕ್ಕಾ, ಆಯ್ತಾ?”

“ಇಲ್ವೋ, ಎರಡು ಬಾಟಲಿ ನೀರು ಕಣೋ! ಬಾಗಿಲು ಬಿಟ್ಟು ಹೋಗ್ಬೇಡ.”

“ಇಲ್ಲೇ ಇದ್ದೀನಿ” ಎಂದ ಗೋಲಿ.